ಮೂರನೆಯ ಗೋಲು

ಗೋಲಿನ ಮುಂದೆ ನಿಂತಾಗ ಅವರು ಚೆಂಡನ್ನು ನೋಡುತ್ತಿರಲಿಲ್ಲ. ಒದೆಯಲು ಎತ್ತಿದ ಕಾಲನ್ನೂ ನೋಡುತ್ತಿರಲಿಲ್ಲ. ಎದುರಿನವನು ನೆಲಕ್ಕೆ ಊರಿದ ಇನ್ನೊಂದು ಕಾಲನ್ನು ನೋಡುತ್ತಿದ್ದರು. ಆ ಪಾದದ ಬೆರಳು ಎತ್ತ ತಿರುಗಿದೆಯೋ ಚೆಂಡು ಅತ್ತ ಬರುತ್ತದೆ ಎಂಬುದು ಅವರು ವರ್ಷಗಟ್ಟಲೆ ಆಡಿ ಕಂಡುಕೊಂಡ ಸಂಗತಿ.

“ಹೊಡ್ಯಾ ಕಾಲು ನಾಟಕ ಮಾಡ್ತದ ನೋಡವ್ವಾ. ನಿಂತ ಕಾಲಿಗಿ ನಾಟಕ ಬರಂಗಿಲ್ಲ” ಎಂದು ಅವರು ನನಗೆ ಹೇಳಿದಾಗ ನನಗೆ ಎಂಟೋ ಒಂಬತ್ತೋ ವರ್ಷ. ಆಮೇಲೆ ಎಷ್ಟೋ ದಿನ ನಾನು ಮನೆಗೆ ಬಂದವರ ಕಾಲುಗಳನ್ನೇ ನೋಡುತ್ತಿದ್ದೆ. ಹೊರಡುತ್ತೇನೆ ಎನ್ನುವವರ ಪಾದ ಒಳಗೇ ತಿರುಗಿರುತ್ತಿತ್ತು. ಊಟ ಬೇಡ ಎನ್ನುವವರದು ಅಡುಗೆಮನೆಯ ಕಡೆಗೆ.

ಹೋದ ತಿಂಗಳು ಬೀದರದ ಕೋಟೆಯ ಬಳಿಯ ಮೈದಾನದಲ್ಲಿ ಅವರು ಕೊನೆಯ ಸಲ ಗೋಲಿನಲ್ಲಿ ನಿಂತರು. ಪಂದ್ಯ ಮುಗಿದ ಮೇಲೆ ಮೊಣಕೈಯ ಕೆಂಪು ಮಣ್ಣು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು, ಹಸಿರು ಅರಿವೆಯಲ್ಲಿ ಸುತ್ತಿದ ಒಂದು ವಹಿಯನ್ನು, ತಮ್ಮ ಹಳೆಯ ಬರಹದ ಪುಸ್ತಕವನ್ನು, ಕೊಟ್ಟರು. “ಇಲ್ಲಿ ಬಿಚ್ಚಬ್ಯಾಡ. ಮನಿಗಿ ಹೋಗಿ ನೋಡು” ಎಂದರು. ಅದನ್ನು ನೋಡಿದ ಮೇಲೆ ಅವರ ಬಗ್ಗೆ ಬರೆಯಬೇಕು ಎನ್ನಿಸಿತು. ಹೆಸರು ಬರೆಯುವುದಿಲ್ಲ. ಅದು ಅವರ ಕೋರಿಕೆಯಲ್ಲ, ನನಗೇ ಬೇಡವೆನಿಸಿದೆ. ನಮ್ಮ ಓಣಿಗೆ ಅವರು ‘ಗೋಲ್‌ಕೀಪರ್’, ನನಗೆ ಕಾಕಾ.

ಹಲಬರ್ಗಾದ ಕುರಿ ಸಾಕುವ ಮನೆತನ ಅವರದು. ಅಲ್ಲಿಯ ರೈಲು ನಿಲ್ದಾಣದಲ್ಲಿ ಸಂತೆಗೆ ಹೋಗುವ ಕುರಿಮರಿಗಳನ್ನು ಗೂಡ್ಸ್ ಡಬ್ಬಿಗೆ ಹತ್ತಿಸುವಾಗ ಕೆಳಗೊಬ್ಬ ನಿಂತು ಮರಿಗಳನ್ನು ಮೇಲಕ್ಕೆ ತೂರುತ್ತಿದ್ದ, ಡಬ್ಬಿಯ ಬಾಗಿಲಲ್ಲಿ ಇವರು ನಿಂತು ಹಿಡಿಯುತ್ತಿದ್ದರು. ಅದೇ ರೈಲಿನಲ್ಲಿದ್ದ ಒಬ್ಬ ದೊಡ್ಡ ಅಧಿಕಾರಿಗೆ ಫುಟ್‌ಬಾಲಿನ ಹುಚ್ಚು. ಎಪ್ಪತ್ತು ಮರಿಗಳಲ್ಲಿ ಒಂದೂ ನೆಲಕ್ಕೆ ಬೀಳದ್ದನ್ನು ಅವರು ಕಿಟಕಿಯಿಂದ ಕಂಡರಂತೆ. ಎಪ್ಪತ್ತು ಎಂಬುದು ಅವರ ಹೆಂಡತಿ, ನನ್ನ ಕಾಕಿ, ಹೇಳುತ್ತಿದ್ದ ಸಂಖ್ಯೆ. ಕಾಕಾ ಹೇಳುವಾಗ ಅದು ಮೂವತ್ತೇ ಇರುತ್ತಿತ್ತು.

“ಚೆಂಡೂ ಹಂಗೇ. ಮರಿ ಹಿಡಿದಂಗ ಎದಿಗಿ ಹಿಡೀಬೇಕು. ಬಿಗಿ ಹಿಡಿದಿ ಅಂದ್ರ ಒದ್ಕೊಂಡು ಹೋಗ್ತದ” ಎನ್ನುತ್ತಿದ್ದರು.

ಹೀಗೆ ಅವರು ಹೈದರಾಬಾದಿನ ಒಂದು ಇಲಾಖೆಯ ತಂಡಕ್ಕೆ ಸೇರಿದರು. ಆಟವೇ ಅವರ ನೌಕರಿ. ಆದರೆ ಸರ್ಕಾರದ ಪುಸ್ತಕದಲ್ಲಿ ಆಟ ಎಂಬ ನೌಕರಿ ಇರಲಿಲ್ಲ. ಆದ್ದರಿಂದ ಹನ್ನೊಂದು ಮಂದಿ ಆಟಗಾರರನ್ನೂ ಬೇರೆ ಬೇರೆ ಗಡಿ ನಾಕಾಗಳ ಜವಾನರೆಂದು ಬರೆದುಕೊಂಡಿದ್ದರು. ಕಾಕಾನ ಹೆಸರು ಔರಾದ ಕಡೆಯ ಒಂದು ನಾಕಾದಲ್ಲಿತ್ತು. ಅಲ್ಲಿಯ ಬರವಣಿಗೆಯವನು ದಿನವೂ ಆ ಹೆಸರಿನ ಮುಂದೆ ‘ಹಾಜರ್’ ಎಂದು ಗುರುತು ಹಾಕುತ್ತಿದ್ದ. ನಾಕಾ ಎಂದರೆ ರಸ್ತೆಗೆ ಅಡ್ಡ ಒಂದು ಬಿದಿರು ಗಳ, ಪಕ್ಕದಲ್ಲಿ ಒಂದು ಕೋಣೆ. ಕಾಕಾ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಇದನ್ನು ಯಾರೂ ಸುಳ್ಳು ಎಂದುಕೊಂಡಿರಲಿಲ್ಲ. ಆಟಗಾರರನ್ನು ಇಟ್ಟುಕೊಳ್ಳುವ ರೀತಿಯೇ ಅದಾಗಿತ್ತು.

ಕಾಕಿ ಬೀದರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ಕಾಕಾ ರಜೆಗೆ ರೈಲಿನಲ್ಲಿ ಬರುತ್ತಿದ್ದರು. ಬಂದ ಮೊದಲ ಸಂಜೆ ಕಟ್ಟೆಯ ಮೇಲೆ ಕೂತು ಬೆರಳುಗಳಿಗೆ ಬೆಚ್ಚಗಿನ ಕುಸುಬಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಮುರಿದು ಕೂಡಿದ ಬೆರಳುಗಳು. ಕೊನೆಯ ರಜೆಯ ಹೊತ್ತಿಗೆ ಒಂದು ಕಿರುಬೆರಳು ಉಳಿದವುಗಳಿಂದ ಮುನಿಸಿಕೊಂಡಂತೆ ಹೊರಗೆ ತಿರುಗಿತ್ತು. ಮುಷ್ಟಿ ಪೂರ್ತಿ ಮುಚ್ಚುತ್ತಿರಲಿಲ್ಲ. ಯಾವ ಬೆರಳನ್ನು ಎಷ್ಟು ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಓಣಿಯಲ್ಲಿ ಯಾರ ಕೈ ಉಳುಕಿದರೂ ಅವರ ಬಳಿ ಬರುತ್ತಿದ್ದರು.

ಒಂದು ಸಲ ಅವರು ಹಾಗೆ ಕೂತಿದ್ದಾಗ ಒಳಗೆ ಹಾಲು ಉಕ್ಕಿತು. ಕಾಕಿ ಹೊರಗೆ ಬಂದು ನನ್ನ ಅವ್ವನನ್ನು ಉದ್ದೇಶಿಸಿ ಹೇಳಿದರು: “ನೋಡ್ರಿ ಅಕ್ಕಾ, ಹೈದ್ರಾಬಾದದಾಗ ಮಂದಿ ಕುರ್ಚಿ ಮ್ಯಾಲ ನಿಂತು ಚಪ್ಪಾಳಿ ಹೊಡೀತಾರಂತ ಇವರಿಗಿ. ಎರಡು ಮೊಳ ದೂರದಾಗಿನ ಹಾಲು ಹಿಡೀಲಿಕ್ಕಿ ಆಗ್ಲಿಲ್ಲ.”

“ಹಾಲಿಗಿ ನಿಂತ ಕಾಲಿಲ್ಲಲ್ಲೇ” ಎಂದರು ಕಾಕಾ.

ಅವರ ವಹಿಯ ವಿಷಯ ಆಗಲೇ ನನಗೆ ಗೊತ್ತಿತ್ತು. ಅದರಲ್ಲಿ ಅವರು ತಡೆದ ಚೆಂಡುಗಳು ಒಂದೂ ಇರಲಿಲ್ಲ. ಬಿಟ್ಟ ಗೋಲುಗಳು ಮಾತ್ರ. ಪ್ರತಿ ಗೋಲಿಗೂ ಉರ್ದುವಿನಲ್ಲಿ ಒಂದು ಸಾಲು: ಯಾವ ದಿನ, ಯಾವ ಮೈದಾನ, ಯಾವ ಕಾಲು, ಯಾವ ಮೂಲೆ, ತಾನು ಮಾಡಿದ ತಪ್ಪೇನು. ಗೋಲು ಬಿಡದ ದಿನಕ್ಕೆ ಅದರಲ್ಲಿ ಜಾಗವಿಲ್ಲ.

“ಹಿಡಿದದ್ದು ಯಾಕ ಬರೆಯಂಗಿಲ್ಲ ಕಾಕಾ?” ಎಂದು ಕೇಳಿದ್ದೆ.

“ಹಿಡಿದದ್ದು ಕೈಗಿ ನೆನಪಿರ್ತದ. ಬಿಟ್ಟದ್ದು ಯಾರರ ನೆನಪಿಡ್ಬೇಕಲ್ಲ?”

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ವರ್ಷ ನನಗೆ ಹದಿಮೂರು. ಅದಕ್ಕೆ ಮುಂಚಿನ ತಿಂಗಳುಗಳ ಭಯವನ್ನೂ ಆಮೇಲಿನ ವಾರಗಳ ಭಯವನ್ನೂ ನಾನು ಇಲ್ಲಿ ಬರೆಯಹೊರಟಿಲ್ಲ. ಮೊದಲು ಒಂದು ಕಡೆಯ ಜನ ಮನೆಗೆ ಬೀಗ ಹಾಕಿ ಗಡಿ ದಾಟಿದರು. ಆಮೇಲೆ ಇನ್ನೊಂದು ಕಡೆಯ ಜನ ಬೀಗ ಹಾಕಲೂ ಪುರುಸೊತ್ತಿಲ್ಲದೆ ಹೋದರು. ನಮ್ಮ ಓಣಿಯಲ್ಲೇ ನಾಲ್ಕು ಮನೆಗಳು ಖಾಲಿಯಾದವು. ಕಾಕಾನ ತಂಡ ಚದುರಿತು. ಅವರು ಒಂದು ಟ್ರಂಕಿನೊಡನೆ ಬೀದರಕ್ಕೆ ಬಂದರು. ಕಾಕಿ ಬಾಗಿಲಲ್ಲಿ ನಿಂತು ಮಾತಾಡದೆ ಟ್ರಂಕು ಇಳಿಸಿಕೊಂಡದ್ದನ್ನು ನೋಡಿದ್ದೇನೆ.

ಚಳಿಗಾಲದಲ್ಲಿ ಕಚೇರಿಯಿಂದ ಒಂದು ಸಮನ್ಸು ಬಂತು.

ಕಾರ್ಯಾಚರಣೆಗೆ ಕೆಲವು ತಿಂಗಳು ಮುಂಚೆ, ಒಂದು ಶುಕ್ರವಾರ, ಔರಾದ ಕಡೆಯ ಆ ನಾಕಾದಲ್ಲಿ ಕಂಬಳಿ ಮಾರಲು ಹೊರಟಿದ್ದ ಒಬ್ಬ ಕುರಿಗಾರನನ್ನು ಜವಾನರು ಹಿಡಿದು ಹೊಡೆದಿದ್ದರು. ಅವನ ಬಲಗೈಯ ಬೆರಳುಗಳನ್ನು ಬಿದಿರು ಗಳದ ಕೆಳಗಿಟ್ಟು ತುಳಿದಿದ್ದರು. ಈಗ ವಿಚಾರಣೆ. ಆ ದಿನದ ಹಾಜರಿ ಪುಸ್ತಕದಲ್ಲಿ ಮೂರು ಹೆಸರುಗಳಿದ್ದವು. ಇಬ್ಬರು ಎಲ್ಲಿಗೋ ಓಡಿಹೋಗಿದ್ದರು, ಗುರುತು ಹಾಕಿದ ಬರವಣಿಗೆಯವನೂ ಹಾಗೆಯೇ. ಮೂರನೆಯ ಹೆಸರು ಕಾಕಾನದು, ಮುಂದೆ ಎಂದಿನಂತೆ ‘ಹಾಜರ್’. ಆರೋಪ ನಿಂತರೆ ಜೈಲು.

ಕಾಕಾ ಕಾಗದ ಹಿಡಿದು ನಮ್ಮ ಮನೆಗೆ ಬಂದರು. ನನ್ನ ಅಪ್ಪ ಸಾಲೆಯ ಮಾಸ್ತರರು. ಉರ್ದು, ಕನ್ನಡ ಎರಡೂ ಬಲ್ಲವರೆಂದು ಹೊಸ ಕಚೇರಿಯವರು ಅವರಿಂದ ಕಾಗದಗಳನ್ನು ಕನ್ನಡಕ್ಕೆ ತರಿಸುತ್ತಿದ್ದರು.

“ಆ ಶುಕ್ರವಾರ ನೀವು ಎಲ್ಲಿದ್ರಿ?” ಎಂದು ಅಪ್ಪ ಕೇಳಿದರು.

“ಹೈದ್ರಾಬಾದದಾಗ, ಮೈದಾನದಾಗ ಇದ್ದಿನ್ರಿ ಮಾಸ್ತರ. ಗಿರಣಿ ತಂಡದ ಸಂಗಾಟ ಮ್ಯಾಚ್ ಇತ್ತು.”

“ಯಾರರ ಹೇಳೋರು ಅದಾರೇನು?”

ಕಷ್ಟ ಅಲ್ಲಿಯೇ ಇತ್ತು. ಅವರ ತಂಡದ ಉಳಿದ ಹತ್ತು ಮಂದಿಯ ಹೆಸರುಗಳೂ ಬೇರೆ ಬೇರೆ ನಾಕಾಗಳಲ್ಲಿ ಹಾಜರಾಗಿದ್ದವು. ಇವರ ಪರ ಬಾಯಿಬಿಟ್ಟರೆ ತಮ್ಮ ನೌಕರಿಯನ್ನೂ ತಾವೇ ತೆರೆದು ತೋರಿಸಬೇಕಾಗುತ್ತಿತ್ತು. ಅವರಲ್ಲಿ ಯಾರೂ ಬರುವಂತಿರಲಿಲ್ಲ. ಉಳಿದವರೆಂದರೆ ಎದುರಾಳಿಗಳು.

“ಗಿರಣಿ ತಂಡದಾಗ ಗೋಲ್ ಹೊಡದವ ಯಾರು?”

ಕಾಕಾ ನೆಲ ನೋಡಿದರು. “ಆತಗ ಮಾತ್ರ ಬರೀಬ್ಯಾಡ್ರಿ ಮಾಸ್ತರ.”

“ಯಾಕ್ರಿ? ವೈರ ಅದೇನು?”

“ವೈರ ಇಲ್ಲರಿ. ಆತ ಮೂರು ಅಂತಾನ.”

ಅಪ್ಪನಿಗೆ ಅರ್ಥವಾಗಲಿಲ್ಲ. ಕಾಕಾ ಮನೆಗೆ ಹೋಗಿ ವಹಿ ತಂದು ಆ ದಿನದ ಪುಟ ತೆರೆದರು. ಆ ಪುಟದಲ್ಲಿ ಒಂದು, ಎರಡು, ಮೂರು ಎಂದು ಅಂಕಿಗಳಿದ್ದವು. ಒಂದರ ಮುಂದೆ ಸಾಲಿತ್ತು, ಎರಡರ ಮುಂದೆ ಸಾಲಿತ್ತು. ಮೂರರ ಮುಂದೆ ಖಾಲಿ.

“ಮೂರನೇದು ಗೋಲಲ್ರಿ. ಚೆಂಡು ಗೆರಿ ದಾಟಿಲ್ಲ. ಗೆರಿ ಮ್ಯಾಲೇ ನಾ ಕೈ ಇಟ್ಟಿನಿ. ರೆಫರಿ ಗೋಲಂತ ಸೀಟಿ ಊದಿದ. ಅಂಕಿ ಬರದೀನಿ, ಮುಂದ ಬರೀಲಿಕ್ಕಿ ಕೈ ಬರ್ಲಿಲ್ಲ.”

ಅದು ಅವರ ಆಟದ ಬದುಕಿನ ಅತಿ ಕೆಟ್ಟ ದಿನವಂತೆ. ಒಂದೇ ಪಂದ್ಯದಲ್ಲಿ ಒಬ್ಬನಿಂದಲೇ ಎರಡು, ಅಥವಾ ಮೂರು. ಗೋಲು ಹೊಡೆದ ಆ ಸೆಂಟರ್ ಫಾರ್ವರ್ಡ್ ಆಮೇಲೆ ಎಲ್ಲಿ ಕಂಡರೂ ಮೂರು ಬೆರಳು ಎತ್ತಿ ತೋರಿಸುತ್ತಿದ್ದ. ಇವರು ಎರಡು ಎತ್ತಿ ತೋರಿಸಿ ಮುಂದೆ ಹೋಗುತ್ತಿದ್ದರು. ಇಬ್ಬರ ನಡುವೆ ಬೇರೆ ಮಾತೇ ಇರಲಿಲ್ಲ.

ಅಪ್ಪ ಅದೇ ದಿನ ಹೈದರಾಬಾದಿಗೆ, ಆತನಿಗೇ, ಕಾಗದ ಬರೆದರು.

ವಹಿಯನ್ನು ಕನ್ನಡದಲ್ಲಿ ನಕಲು ಮಾಡಿ ಕಚೇರಿಗೆ ಕೊಡಬೇಕಾಗಿತ್ತು. ಅಪ್ಪ ಓದಿ ಹೇಳಿದರು, ನಾನು ಬರೆದೆ. ಆರು ಸಂಜೆ ಹಿಡಿಯಿತು. ಹಳೆಯ ಸರ್ಕಾರದ ಫಸಲಿ ಪಂಚಾಂಗದ ತಿಂಗಳುಗಳನ್ನು ಇಂಗ್ಲಿಷ್ ತಿಂಗಳುಗಳಿಗೆ ತಿರುಗಿಸುವಾಗ ಒಂದು ದಿನವೂ ಹೆಚ್ಚುಕಡಿಮೆ ಆಗಬಾರದೆಂದು ಅಪ್ಪ ಮೂರು ಸಲ ಎಣಿಸುತ್ತಿದ್ದರು. ಒಬ್ಬ ಮನುಷ್ಯ ತನ್ನ ಸೋಲುಗಳನ್ನು ಇಷ್ಟು ಶುಚಿಯಾಗಿ ಬರೆದಿಟ್ಟದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ‘ಬಿಸಿಲು ಕಣ್ಣಿಗೆ ಬಿತ್ತು’ ಎಂಬ ಸಾಲು ಎಲ್ಲಿಯೂ ಇರಲಿಲ್ಲ. ‘ಬಿಸಿಲು ಬರುತ್ತದೆಂದು ಗೊತ್ತಿದ್ದೂ ಎರಡು ಹೆಜ್ಜೆ ಮುಂದೆ ನಿಂತೆ’ ಎಂದಿತ್ತು. ಆ ಶುಕ್ರವಾರದ ಪುಟಕ್ಕೆ ಬಂದಾಗ ೩ ಎಂದು ಬರೆದು ಮುಂದೆ ಜಾಗ ಬಿಟ್ಟೆ.

ಕಾಗದಕ್ಕೆ ಉತ್ತರ ಬರಲಿಲ್ಲ. ಉತ್ತರದ ಬದಲು ವಿಚಾರಣೆಯ ಹಿಂದಿನ ಮಧ್ಯಾಹ್ನ ಆತನೇ ಬಂದ. ಆ ದಿನಗಳಲ್ಲಿ ಶೇರವಾನಿ ತೊಟ್ಟ ಒಬ್ಬ ಮನುಷ್ಯ ಬೀದರದ ನಿಲ್ದಾಣದಲ್ಲಿ ಒಂಟಿಯಾಗಿ ಇಳಿಯುವುದು ಸಣ್ಣ ಮಾತಾಗಿರಲಿಲ್ಲ. ಅಪ್ಪ ಪ್ರತಿದಿನ ರೈಲಿನ ಹೊತ್ತಿಗೆ ನಿಲ್ದಾಣಕ್ಕೆ ಹೋಗಿ ನಿಲ್ಲುತ್ತಿದ್ದುದರಿಂದ ಜೊತೆಯಲ್ಲೇ ಕರೆತಂದರು. ಕುಳ್ಳಗಿನ, ನಗುಮುಖದ ಮನುಷ್ಯ. ಬಾಗಿಲಲ್ಲಿ ಬೂಟು ಕಳಚುವಾಗ ಮೊದಲು ಎಡಗಾಲಿನದು ಕಳಚಿದ. ಎರಡು ಗೋಲೂ ಎಡಗಾಲಿನವು ಎಂದು ನಕಲು ಮಾಡಿದ್ದ ನನಗೆ ಅದು ನೆನಪಿದೆ.

ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಆತ ಅವರನ್ನು ನೋಡಿದ. ಮೂರು ಬೆರಳು ಎತ್ತಿದ. ಕಾಕಾ ಎರಡು ಎತ್ತಿದರು. ಅಷ್ಟಾದ ಮೇಲೆ ಇಬ್ಬರೂ ಅಪ್ಪಿಕೊಂಡರು.

ಊಟಕ್ಕೆ ಕೂತಾಗ ಅವ್ವ ರೊಟ್ಟಿ ಬಡಿಸುತ್ತ, ಎರಡು ಬೆರಳು ತೋರಿಸಿ, “ಇನ್ನೊಂದು ತಗೋರಿ, ಎರಡೇ ಆಗ್ಯಾವ” ಎಂದಳು.

“ತೀನ್ ಹೋ ಗಯೇ ಅಮ್ಮಾ” ಎಂದು ಆತ ಕಾಕಾನ ಕಡೆ ನೋಡಿ ಕಣ್ಣು ಮಿಟುಕಿಸಿದ. “ಬೀದರ್ ಕೇ ಲೋಗಾಂಕು ಗಿಂತೀ ನಹೀ ಆತೀ ಕ್ಯಾ?”

ಬೀದರದವರಿಗೆ ಎಣಿಕೆ ಬರುವುದಿಲ್ಲವೇ ಎಂಬ ಆ ಚುಚ್ಚುಮಾತಿಗೆ ಕಾಕಿಯೂ ನಕ್ಕರು. ಟ್ರಂಕು ಇಳಿಸಿಕೊಂಡ ದಿನದಿಂದ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಊಟ ಮುಗಿದು ಆತ ಒರಗಿದ ಮೇಲೆ ಅಪ್ಪ ಕಾಕಾನನ್ನು ಹಿತ್ತಲಿಗೆ ಕರೆದರು. ನಾನು ಅಲ್ಲಿ ಬಟ್ಟೆ ಮಡಚುತ್ತಿದ್ದೆ.

“ನಾಳಿ ಸಾಹೇಬ್ರು ಕೇಳ್ತಾರ, ಎಷ್ಟು ಗೋಲಂತ. ಆತ ಮೂರು ಅಂತಾನ. ನೀವೂ ಮೂರು ಅನ್ರಿ. ಸಾಕ್ಷಿದಾರ ಒಂದು, ನೀವು ಒಂದು ಹೇಳಿದ್ರ ಇಬ್ಬರೂ ಸುಳ್ಳ ಆಗ್ತೀರಿ.”

“ಎರಡೇ ಅವ ರೀ ಮಾಸ್ತರ.”

“ನನಗ ಗೊತ್ತದರಿ. ಒಂದು ಮಾತಿಗಿ ಜೈಲಿಗಿ ಹೋಗ್ತೀರೇನು? ಮನ್ಯಾಗ ಆಕಿ ಮಾರಿ ನೋಡ್ರಿ ಒಮ್ಮಿ.”

ಕಾಕಾ ಬಾಗಿದ ಕಿರುಬೆರಳನ್ನು ಎಳೆಯುತ್ತ ನಿಂತಿದ್ದರು. ನಾನು ಅವರ ಕಾಲು ನೋಡಿದೆ. ಯಾವ ಕಡೆಗೂ ತಿರುಗಿರಲಿಲ್ಲ.

ಮಾರನೆಯ ಬೆಳಿಗ್ಗೆ ನಕಲು ಹೊತ್ತುಕೊಂಡು ನಾನೂ ಅಪ್ಪನ ಜೊತೆ ಕಚೇರಿಗೆ ಹೋದೆ. ಹೆಣ್ಣುಮಗಳಿಗೆ ಒಳಗೆ ಕೆಲಸವಿಲ್ಲವೆಂದು ವರಾಂಡದ ಬೆಂಚಿನ ಮೇಲೆ ಕೂಡಿಸಿದರು. ಬೆಂಚಿನ ಹಿಂದೆಯೇ ಕಿಟಕಿ ಇತ್ತು. ಒಳಗೆ ಧಾರವಾಡ ಕಡೆಯಿಂದ ಬಂದಿದ್ದ ಹೊಸ ಅಧಿಕಾರಿ, ಮೇಜಿನ ಪಕ್ಕದಲ್ಲಿ ಅಪ್ಪ. ಗೋಡೆಗೆ ಒರಗಿ ಆ ಕುರಿಗಾರ ಕೂತಿದ್ದ. ನಡುವಯಸ್ಸು ದಾಟಿದವನು. ಬಲಗೈಯನ್ನು ಕಂಬಳಿಯೊಳಗೆ ಇಟ್ಟುಕೊಂಡಿದ್ದ.

ಅಧಿಕಾರಿ ಮೊದಲು ಅವನನ್ನು ಕೇಳಿದರು. “ನಿನಗ ಹೊಡದವ್ರಾಗ ಇಂವ ಇದ್ದನೇನು?”

ಅವನು ಕಾಕಾನನ್ನು ಬಹಳ ಹೊತ್ತು ನೋಡಿದ. “ಮಾರಿಗಿ ರುಮಾಲ ಸುತ್ತಿದ್ರು ಸಾಹೇಬ್ರ. ಇವನೇ ಅನ್ಲಿಕ್ಕಿ ಬರಂಗಿಲ್ಲ. ಇವ ಅಲ್ಲ ಅನ್ಲಿಕ್ಕೂ ಬರಂಗಿಲ್ಲ.”

ಆಮೇಲೆ ಅಧಿಕಾರಿ ಆ ಹೈದರಾಬಾದಿನವನನ್ನು ವರಾಂಡಕ್ಕೆ ಕಳಿಸಿ, ಕಾಕಾನನ್ನು ಒಬ್ಬರನ್ನೇ ನಿಲ್ಲಿಸಿ, ನನ್ನ ನಕಲಿನ ಪುಟ ಹಿಡಿದು ಕೇಳತೊಡಗಿದರು. ಕಾಕಾ ಹೇಳಿದರು: ಮೊದಲನೆಯದು ಬಲಮೂಲೆಯಿಂದ ಬಂದ ಚೆಂಡು, ಎಡಗಾಲು, ಕಂಬದ ಒಳಬದಿಗೆ ತಾಗಿ ಒಳಗೆ. ಎರಡನೆಯದು ತನ್ನದೇ ತಂಡದ ಬ್ಯಾಕ್ ಜಾರಿ ಬಿದ್ದಾಗ, ಮತ್ತೆ ಎಡಗಾಲು, ನೆಲದ ಗುಂಟ. ಆಮೇಲೆ ಇವರನ್ನು ಹೊರಗೆ ಕಳಿಸಿ ಆತನನ್ನು ಒಳಗೆ ಕರೆದರು. ಬಲಮೂಲೆ, ಎಡಗಾಲು, ಕಂಬದ ಒಳಬದಿ. ಬ್ಯಾಕ್ ಜಾರಿದ್ದು. ನೆಲದ ಗುಂಟ. ಆತನ ದಖ್ಖನಿ ಮಾತನ್ನು ಅಪ್ಪ ಸಾಲುಸಾಲಾಗಿ ಕನ್ನಡಕ್ಕೆ ಹೇಳುತ್ತಿದ್ದರು. ಅಪ್ಪನ ದನಿ ಸ್ವಲ್ಪ ಸ್ವಲ್ಪವೇ ಹಗುರವಾಗುತ್ತಿತ್ತು.

“ಒಟ್ಟು ಎಷ್ಟು?” ಎಂದರು ಅಧಿಕಾರಿ.

“ತೀನ್.”

ಅಧಿಕಾರಿ ನಕಲನ್ನು ನೋಡಿದರು. ಮತ್ತೆ ನೋಡಿದರು. ಕಾಕಾನನ್ನು ಒಳಗೆ ಕರೆಸಿದರು.

“ಈ ಮನಷ್ಯಾ ಮೂರು ಗೋಲ್ ಹೊಡದೇನಿ ಅಂತಾನ. ನಿನ್ನ ಪುಸ್ತಕದಾಗ ಮೂರ್ನೇದ್ದಕ್ಕ ಏನೂ ಇಲ್ಲ. ನೀನ ಹೇಳು. ಎಷ್ಟು?”

ಅಪ್ಪ ತಲೆ ತಗ್ಗಿಸಿ ಮೇಜನ್ನೇ ನೋಡುತ್ತಿದ್ದರು. ಕಾಕಾ ಒಮ್ಮೆ ಅಪ್ಪನ ಕಡೆ, ಒಮ್ಮೆ ನೆಲದ ಕಡೆ ನೋಡಿದರು.

“ಎರಡು ರೀ, ಸಾಹೇಬ್ರ.”

ಅಪ್ಪ ಕಣ್ಣು ಮುಚ್ಚಿಕೊಂಡರು.

ಹೈದರಾಬಾದಿನಿಂದ ಇವರನ್ನು ಉಳಿಸಲು ಬಂದಿದ್ದ ಮನುಷ್ಯ ಹಣೆ ಚಚ್ಚಿಕೊಂಡ. “ಅರೇ ಬೇವಕೂಫ್! ಯಹಾಂ ಭೀ ದೋ ಬೋಲ್ತಾ ಕ್ಯಾ ರೇ?” ಇಲ್ಲಿಯೂ ಎರಡೆನ್ನುತ್ತೀಯಾ ಎಂದು ಬೈದ.

“ದೋ ಇಚ್ ಥೇ. ದೋ ಇಚ್ ಬೋಲ್ತೂಂ.”

“ಪೂರಾ ಶಹರ್ ದೇಖಾ ತೀನ್!”

“ಶಹರ್ ದೂರ್ ಬೈಠಾ ಥಾ. ಮೈಂ ಲಕೀರ್ ಪೇ ಥಾ!” ಊರೆಲ್ಲ ಮೂರು ಕಂಡಿದೆ ಎಂದು ಆತ, ಊರು ದೂರ ಕೂತಿತ್ತು, ಗೆರೆಯ ಮೇಲಿದ್ದವನು ನಾನು ಎಂದು ಕಾಕಾ.

ಆಮೇಲೆ ನಡೆದದ್ದನ್ನು ನಾನು ಬೆಂಚಿನ ಮೇಲೆ ಮೊಣಕಾಲೂರಿ ಕಿಟಕಿಯಿಂದ ನೋಡಿದೆ. ಆತ ಮೇಜಿನ ಮೇಲಿನ ಗಾಜಿನ ಗುಂಡನ್ನು, ಕಾಗದ ಹಾರದಂತೆ ಇಟ್ಟಿದ್ದನ್ನು, ಎತ್ತಿಕೊಂಡ. ಇದು ಚೆಂಡು. ಸರ್ಕಾರದ ಹಾಜರಿ ಪುಸ್ತಕದ ಅಂಚು ಗೆರೆ. ಆತ ಗುಂಡನ್ನು ಅಂಚಿನಾಚೆ ಇಟ್ಟ. ಕಾಕಾ ಅದನ್ನು ಅಂಚಿನ ಮೇಲಕ್ಕೆ ಎಳೆದರು. ಆತ ಮತ್ತೆ ತಳ್ಳಿದ. ಕಾಕಾ ಮೇಜಿನ ಮೇಲೆ ಪೂರ್ತಿ ಬಾಗಿ, ಆ ಸೊಟ್ಟ ಬೆರಳುಗಳಿಂದ ಗುಂಡನ್ನು ಮುಚ್ಚಿ, “ಇಲ್ಲಿ! ಇಲ್ಲಿ ಹಿಡದೀನಿ ನಾ! ನನ್ನ ಬಲಗೈ ಕೆಳಗಿತ್ತು, ನಿನ್ನ ಬೂಟು ನನ್ನ ಕಿರಿಬೆರಳ ಮ್ಯಾಲಿತ್ತು! ಈ ಬೆರಳು ನೋಡು, ಆವತ್ತ ಮುರದದ್ದಿದು!” ಎಂದು ಕೂಗಿದರು. ಆತನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಪೂರ್ತಿ ಅರ್ಥವಾಯಿತು. “ವೋ ಉಂಗ್ಲೀ ಪೆಹಲೇ ಸೇ ಟೇಢೀ ಥೀ!” ಆ ಬೆರಳು ಮೊದಲಿನಿಂದಲೇ ಸೊಟ್ಟ ಎಂದು ಆತನೂ ಕೂಗಿದ.

ಅಧಿಕಾರಿ ನಗಲು ಶುರುಮಾಡಿದರು. ಮೊದಲು ಮೀಸೆಯೊಳಗೆ, ಆಮೇಲೆ ಭುಜ ಅಲುಗುವಂತೆ.

“ಸಾಕ್ ಮಾಡ್ರಿ! ಪುಸ್ತಕ ಹರದೀರಿ.” ಗುಂಡನ್ನು ತಮ್ಮ ಕಡೆ ಎಳೆದುಕೊಂಡರು. “ಮಾಸ್ತರ್ರ, ನಾ ಇಷ್ಟ್ ವರ್ಷ ಸುಳ್ ಸಾಕ್ಷಿ ಕೇಳೇನಿ. ಕೂಡಿ ಕಲ್ತು ಬಂದವ್ರು ಒಂದ ಪಾಠಾ ಒಪ್ಪಸ್ತಾರ. ಜೈಲು ಮುಂದಿದ್ದಾಗ ಹಿಂಗ ಜಗಳಾಡವ್ರು ಅವತ್ತ ಆ ಗೆರಿ ಮ್ಯಾಲ ಇದ್ದವ್ರ. ಬ್ಯಾರೆ ಯಾರೂ ಇರಾಕ ಸಾಧ್ಯಿಲ್ಲ.”

ಹೊರಗೆ ನಾನು ಮತ್ತೆ ಬೆಂಚಿನ ಮೇಲೆ ಕೂತೆ. ಅಪ್ಪನ ನಗುವೂ ಕೇಳಿಸಿತು. ಅಷ್ಟು ದೊಡ್ಡದಾಗಿ ಅಪ್ಪ ನಕ್ಕದ್ದು ಕಡಿಮೆ.

ಆ ಕೋಣೆಯಲ್ಲಿ ನಗದವನು ಕುರಿಗಾರನೊಬ್ಬನೇ. ನಗು ಕಡಿಮೆಯಾಗುವವರೆಗೆ ಅವನು ಕಾದ. ಆಮೇಲೆ ಕೂತಲ್ಲಿಂದಲೇ ಕೇಳಿದ: “ಆತ್ರಿ ಸಾಹೇಬ್ರ. ಇವ ಅಲ್ಲಿ ಇದ್ದಿಲ್ಲ. ಇವನ ಜಾಗಾದಾಗ ಯಾರಿದ್ರು ಮತ್ತ?”

ಕಾಕಾ ತಿರುಗಿ ಅವನನ್ನು ನೋಡಿದರು. ಮೊದಲ ಸಲ ನೋಡಿದಂತೆ ಅವನ ಮುಖವನ್ನು, ಆಮೇಲೆ ಕಂಬಳಿಯೊಳಗಿನ ಕೈಯ ಜಾಗವನ್ನು.

ಅಧಿಕಾರಿ ಆರೋಪವನ್ನು ಕೈಬಿಟ್ಟರು. ಓಡಿಹೋದವರ ಹುಡುಕಾಟ ಮುಂದುವರಿಸಲು ಬರೆದರು. ಅವರಲ್ಲಿ ಒಬ್ಬ ಆಮೇಲೆ ಸಿಕ್ಕನೆಂದು ಕೇಳಿದ್ದೇನೆ. ಕಾಕಾಗೆ ಬೇರೆ ಒಂದು ಹುಕುಂ ಬಂತು. “ಇಷ್ಟ್ ವರ್ಷ ಪುಸ್ತಕದಾಗ ಹಾಜರಿದ್ದಿ. ಈಗ ಹೋಗಿ ಖರೇನ ಹಾಜರಾಗು” ಎಂದು ಅಧಿಕಾರಿ ಹೇಳಿದರಂತೆ. ಸಂಬಳ ಅದೇ, ಆಟ ಇಲ್ಲ.

ಹೈದರಾಬಾದಿನವನನ್ನು ರೈಲು ಹತ್ತಿಸಲು ನಾವೆಲ್ಲ ಹೋದೆವು. ರೈಲು ಹೊರಟಾಗ ಕಿಟಕಿಯಿಂದ ಮೂರು ಬೆರಳು ಹೊರಬಂದವು. ಕಾಕಾ ಎರಡು ಎತ್ತಿ, ರೈಲು ಮರೆಯಾಗುವವರೆಗೆ ಹಾಗೆಯೇ ಹಿಡಿದುಕೊಂಡು ನಿಂತಿದ್ದರು.

ಔರಾದಕ್ಕೆ ಹೋಗುವ ಮುಂಚೆ ಅವರು ನನ್ನ ಹತ್ತಿರ ಕನ್ನಡ ಅಕ್ಷರ ಕಲಿಯಲು ಬಂದರು. ಹೊಸ ಕಾಗದಗಳು ಇನ್ನು ಕನ್ನಡದಲ್ಲೇ ಬರುತ್ತವೆ ಎಂದು ಕಾರಣ ಕೊಟ್ಟರು. ಮಾತು ಅವರ ಮನೆಯದೇ, ಅಕ್ಷರ ಮಾತ್ರ ಹೊಸದು. ಬಳಪ ಹಿಡಿಯಲು ಬೆರಳು ಬಾಗುತ್ತಿರಲಿಲ್ಲ. ‘ಗ’ ಬರೆಯಲು ಎರಡು ದಿನ, ‘ಳ’ಕ್ಕೆ ಒಂದು ವಾರ ಹಿಡಿಯಿತು. ನಾನು ಕಟ್ಟುನಿಟ್ಟಿನ ಮಾಸ್ತರಾಗಿದ್ದೆ ಎಂದು ಕಾಕಿ ಈಗಲೂ ಹೇಳುತ್ತಾರೆ. “ಫೌಲ್ ಅದು ಕಾಕಾ, ಮತ್ತ ಬರೀರಿ” ಎನ್ನುತ್ತಿದ್ದೆನಂತೆ.

ಔರಾದದಲ್ಲಿ ಅವರು ಕಳೆದ ವರ್ಷಗಳನ್ನು ನಾನು ಕಂಡದ್ದು ಒಂದೇ ಸಲ, ಅಪ್ಪನ ಜೊತೆ ಬಸ್ಸಿನಲ್ಲಿ ಹೋದಾಗ. ಕಪ್ಪು ಹೊಲಗಳ ನಡುವೆ ರಸ್ತೆ, ರಸ್ತೆಗೆ ಅಡ್ಡ ಬಿದಿರು ಗಳ. ಅದರ ಮುಂದೆ ಅವರು ಮಂಡಿ ತುಸು ಬಾಗಿಸಿ, ಕೈಗಳನ್ನು ಸಡಿಲ ಬಿಟ್ಟು, ಗೋಲಿನಲ್ಲಿ ನಿಂತಂತೆಯೇ ನಿಂತಿದ್ದರು. ಬಂಡಿಯವರು ಅವರಿಗೆ ನಮಸ್ಕಾರ ಹೇಳಿ ದಾಟುತ್ತಿದ್ದರು. ಹೆದರಿಕೆಯವರ ನಮಸ್ಕಾರದಂತೆ ಅದು ಕಾಣಲಿಲ್ಲ. ಒಬ್ಬ ಮುದುಕಿ, “ಇವ ಬಂದಾಗಿಂದ ಗಳ ಎತ್ತಿದ್ದೇ ಹೆಚ್ಚು, ಇಳಿಸಿದ್ದು ಕಡಿಮಿ” ಎಂದು ನಮಗೆ ಹೇಳಿದಳು.

ಕೋಣೆಯ ಕಟ್ಟೆಯ ಮೇಲೆ ಆ ಕುರಿಗಾರ ಕೂತಿದ್ದ. ಸಂತೆಯ ದಿನ ಬಂದಾಗಲೆಲ್ಲ ಅಲ್ಲಿ ಕೂರುತ್ತಿದ್ದನಂತೆ. ಕಾಕಾ ಕೆಲಸ ಮುಗಿಸಿ ಬಂದು, ಕುಸುಬಿ ಎಣ್ಣೆ ಬಿಸಿಮಾಡಿ, ಅವನ ಬಲಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳನ್ನು ಎಳೆಯತೊಡಗಿದರು.

“ನೋಯ್ತದೇನು?”

“ನೋಯ್ಲಿಕ್ಕಿ ಹತ್ತ್ಯಾದಂದ್ರ ಜೀವ ಬಂದಾದ. ಹೋದ ವರ್ಷ ನೋಯ್ತಿದ್ದಿಲ್ಲ” ಎಂದ ಅವನು. ನಮ್ಮ ಕಡೆ ತಿರುಗಿ, “ಈ ಮನಷಾ ಮೊದಲ ದಿನ ನಮ್ಮ ಮನಿಗಿ ಬಂದಾಗ ನಾಯಿ ಬಿಟ್ಟೀನ್ರಿ ನಾ. ನಾಯಿನೂ ಹಿಡದು ಎದಿಗಿ ಅವುಚ್ಕೊಂಡ್ರ ಏನ್ ಮಾಡ್ಲಿ?” ಎಂದು ನಕ್ಕ.

ನಾಕಾಗಳು ಮುಚ್ಚಿದ ಮೇಲೆ ಕಾಕಾಗೆ ಭಾಲ್ಕಿಯ ಒಂದು ಸಾಲೆಯಲ್ಲಿ ಕವಾಯತು ಮಾಸ್ತರಿಕೆ ಸಿಕ್ಕಿತು. ಹಾಜರಿ ಕರೆಯುವಾಗ ಅವರಷ್ಟು ಹೊತ್ತು ತೆಗೆದುಕೊಳ್ಳುವವರು ಬೇರೆ ಯಾರೂ ಇರಲಿಲ್ಲವಂತೆ. ಹೆಸರು ಕರೆದು, ಮುಖ ನೋಡಿ, ಆಮೇಲೆಯೇ ಗುರುತು ಹಾಕುತ್ತಿದ್ದರು. ನಾನು ಹೈದರಾಬಾದಿನ ವಿಶ್ವವಿದ್ಯಾಲಯಕ್ಕೆ ಓದಲು ಹೊರಟ ವರ್ಷ ನಿಲ್ದಾಣಕ್ಕೆ ಬಂದಿದ್ದರು. ಹೋಗಲೋ ಬೇಡವೋ ಎಂದು ನಾನು ಅಳುಮೋರೆ ಮಾಡಿಕೊಂಡಿದ್ದೆ. ಅವರು ನನ್ನ ಚಪ್ಪಲಿ ನೋಡಿ, “ಡಬ್ಬಿ ಕಡೀಗೇ ತಿರುಗ್ಯಾವ. ಹೋಗು” ಎಂದರು. ಹೋದೆ. ಓದು ಮುಗಿಸಿ ಬಂದಿದ್ದೇನೆ. ಈ ವರ್ಷ ಹೈದರಾಬಾದ್ ರಾಜ್ಯವೂ ಮುಗಿಯುತ್ತಿದೆ, ನಾವು ಮೈಸೂರಿಗೆ ಸೇರುತ್ತಿದ್ದೇವೆ.

ಹೋದ ತಿಂಗಳ ಪಂದ್ಯ ಭಾಲ್ಕಿಯ ಮಾಸ್ತರರಿಗೂ ಬೀದರದ ಕಾಲೇಜಿನವರಿಗೂ. ಕಾಕಾಗೆ ನಲವತ್ತು ದಾಟಿದೆ. ನಾಲ್ಕು ಚೆಂಡು ಹಿಡಿದರು, ಕೊನೆಗೆ ಒಂದು ಬಿಟ್ಟರು. ಅದು ಒಳಗೆ ಹೋದಾಗ ತಲೆ ಆಡಿಸಿ ಹೊಡೆದವನ ಬೆನ್ನು ತಟ್ಟಿದರು. ಸೀಟಿ ಊದಿದಾಗ ಮೈದಾನದ ಅಂಚಿನಲ್ಲಿ ಕಂಬಳಿ ಹೊದ್ದ ಒಬ್ಬ ಮುಪ್ಪಿನವನು ಎದ್ದು ನಿಂತು ಚಪ್ಪಾಳೆ ಹೊಡೆದ. ನೋಡಿದರೆ ಅದೇ ಕುರಿಗಾರ, ಔರಾದದಿಂದ ಬೆಳಗಿನ ಬಸ್ಸಿಗೆ ಬಂದಿದ್ದ. ಬಲಗೈಯ ಎರಡು ಬೆರಳು ಇನ್ನೂ ನೆಟ್ಟಗಿಲ್ಲ. ಆದರೆ ಚಪ್ಪಾಳೆಯ ಸದ್ದು ನಾನು ಕೂತ ಕಡೆಗೂ ಚೆನ್ನಾಗಿ ಕೇಳಿತು.

ಮನೆಗೆ ಬಂದು ಹಸಿರು ಅರಿವೆ ಬಿಚ್ಚಿದೆ. ಹದಿಮೂರನೆಯ ವಯಸ್ಸಿನಲ್ಲಿ ನಕಲು ಮಾಡಿದ್ದ ವಹಿ. ಯಾವ ಪುಟಕ್ಕೆ ಹೋಗಬೇಕೆಂದು ಕೈಗೇ ಗೊತ್ತಿತ್ತು. ಆ ಶುಕ್ರವಾರದ ಪುಟದಲ್ಲಿ ಒಂದು ಮತ್ತು ಎರಡು ಉರ್ದುವಿನಲ್ಲಿ ಇದ್ದಂತೆಯೇ ಇವೆ. ಮೂರರ ಮುಂದಿನ ಜಾಗ ಈಗ ಖಾಲಿ ಇಲ್ಲ. ಬೇರೆ ಮಸಿಯಲ್ಲಿ, ಕನ್ನಡದಲ್ಲಿ, ನಾನು ತಿದ್ದಿಸಿದ ಆ ದೊಡ್ಡ ಸೊಟ್ಟ ಅಕ್ಷರಗಳಲ್ಲಿ ಒಂದು ಸಾಲಿದೆ:

‘ಔರಾದ ನಾಕಾ. ಬಲಗೈ. ಗೋಲಿನ್ಯಾಗ ನಾ ಇದ್ದಿಲ್ಲ.’